ಇನ್ನೂರ ಹನ್ನೆರಡು ಮಿಲಿಮೀಟರ್

ಬಾಗಿಲು ಮುಚ್ಚಿತು.

ಅಂತಿಂಥ ಬಾಗಿಲಲ್ಲ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಹಾಕುವ ಬಾಗಿಲು. ಒಂದು ಗೇಣು ದಪ್ಪದ ಉಕ್ಕು. ಹೊರಗಡೆ ಚಕ್ರ ತಿರುಗಿದ ಸದ್ದು ಕೇಳಿಸಿತು... ಆಮೇಲೆ ಏನೂ ಕೇಳಿಸಲಿಲ್ಲ.

ಒಳಗೆ ನಾನೊಬ್ಬನೇ. ಕೈಯಲ್ಲೊಂದು ಅಳತೆ ಟೇಪು. ಜೇಬಿನಲ್ಲೊಂದು ಸುಳ್ಳು ವಿಸಿಟಿಂಗ್ ಕಾರ್ಡು. ಅದರ ಪ್ರಕಾರ ನಾನು ಎರಡು ಚಿನ್ನದಂಗಡಿಗಳ ಮಾಲೀಕ. ಆ ಕಾರ್ಡು ನೋಡಿ ನನ್ನ ಹೆಂಡತಿ ನಕ್ಕಷ್ಟು ಬೇರೆ ಯಾವುದಕ್ಕೂ ನಕ್ಕಿಲ್ಲ.

ಫೋನು? ಅದು ಗೋಡೆಯ ಜೇಬಿನಲ್ಲಿತ್ತು.

ಗೋಡೆ ಅಂದರೆ ಈ ತಿಜೋರಿ ಷೋರೂಮಿನ ಸೆಕ್ಯೂರಿಟಿ ಆಫೀಸರ್. ಅವನ ಅಗಲ ನೋಡಿದ ಮೇಲೆ ಬೇರೆ ಹೆಸರು ಕೇಳಬೇಕು ಅನ್ನಿಸುವುದಿಲ್ಲ. "ಒಳಗೆ ಫೋನ್ ಬಿಡಲ್ಲ ಸಾರ್, ರೂಲ್ಸು" ಅಂತ ನಯವಾಗಿ ಈಸಿಕೊಂಡಿದ್ದ. ಐದು ನಿಮಿಷ ಬಿಟ್ಟು ಇಣುಕಿದ. ಚಿನ್ನದಂಗಡಿಯ ಮಾಲೀಕರು ನೆಲದ ಮೇಲೆ ಮಂಡಿಯೂರಿ ಬಾಗಿಲಿನ ಒಳಮೈಗೆ ಟೇಪು ಬಿಚ್ಚುತ್ತಿದ್ದರು.

"ಏನ್ ಸಾರ್, ಬಾಗಿಲಿಗೆ ಬಟ್ಟೆ ಹೊಲಿಸ್ತೀರಾ?" ಅಂದ.

ನಾನು ಉತ್ತರ ಹುಡುಕುವಷ್ಟರಲ್ಲಿ ಬಾಗಿಲು ತಳ್ಳಿಬಿಟ್ಟ.

ಕೋಣೆ ಸ್ನಾನದ ಮನೆಯಷ್ಟಿತ್ತು. ಕಿಟಕಿ ಇಲ್ಲ. ನನ್ನಂಥ ಹೊಟ್ಟೆಯವನಿಗೆ ಅಲ್ಲಿನ ಗಾಳಿ ಬಹಳ ಹೊತ್ತು ಸಾಲುವುದಿಲ್ಲ. ಹಾಗಂತ ಇಂಥ ಬಾಗಿಲು ಮಾಡುವವರು ದಡ್ಡರಲ್ಲ. ಒಳಗಡೆ ಒಂದು ಹ್ಯಾಂಡಲ್ ಇಟ್ಟಿರುತ್ತಾರೆ. ಯಾರಾದರೂ ಅಪ್ಪಿತಪ್ಪಿ ಸಿಕ್ಕಿಕೊಂಡರೆ ಅದನ್ನು ತಿರುಗಿಸಿ ಹೊರಗೆ ಬರಬಹುದು. ಹ್ಯಾಂಡಲ್‌ನಿಂದ ಬೀಗಕ್ಕೆ ಒಂದು ರಾಡು ಹೋಗುತ್ತದೆ. ಆ ರಾಡು ಸರಿಯಾಗಿ ಇನ್ನೂರ ಹನ್ನೆರಡು ಮಿಲಿಮೀಟರ್ ಇರಬೇಕು. ಕಮ್ಮಿಯಾದರೆ ಬೀಗಕ್ಕೆ ತಾಗುವುದಿಲ್ಲ. ಜಾಸ್ತಿಯಾದರೆ ಹ್ಯಾಂಡಲ್ ತಿರುಗುವುದೇ ಇಲ್ಲ.

ಈ ಬಾಗಿಲಿನ ರಾಡು ಇನ್ನೂರ ಹನ್ನೆರಡು ಇರಲು ಸಾಧ್ಯವೇ ಇರಲಿಲ್ಲ.

ನಿನಗೆ ಹೇಗೆ ಗೊತ್ತು ಅಂತೀರಾ? ಅಳತೆ ಕೆಡಿಸಿದವನೇ ನಾನು, ಸ್ವಾಮಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹೇಗೂ ಕತ್ತಲು, ಮಾಡಲು ಬೇರೆ ಕೆಲಸವಿಲ್ಲ.

ಕಂಪನಿಯ ಗುಟ್ಟನ್ನು ಹೊರಗೆ ಹಾಕುವವರು ಯಾರು ಅಂತ ಪತ್ತೆ ಮಾಡುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹೊಸ ಗಿರಾಕಿ ಬಂದಾಗಲೆಲ್ಲ ನಾನೊಂದು ಸಣ್ಣ ಭಾಷಣ ಬಿಗಿಯುತ್ತೇನೆ. ಮನುಷ್ಯ ಗುಟ್ಟು ಮಾರುವುದು ನಾಲ್ಕು 'ಹ'ಗಳಿಗೆ... ಹಣ, ಹೆಣ್ಣು, ಹೆದರಿಕೆ, ಹೊಟ್ಟೆಕಿಚ್ಚು. ಗಿರಾಕಿಗಳು ತಲೆದೂಗುತ್ತಾರೆ. ಕೆಲವರು ಬರೆದುಕೊಳ್ಳುವುದೂ ಉಂಟು. ನನ್ನ ಹೆಂಡತಿ ಮಾತ್ರ, "ಗುಟ್ಟು ಮಾರಿದವಳು ಹೆಂಗಸಾದ್ರೆ ಎರಡನೇದಕ್ಕೆ ಏನಂತೀರಿ?" ಅಂತ ಕೇಳಿದ್ದಳು. ಆವತ್ತು ನಾನು ಪೇಪರ್ ಓದುತ್ತಿದ್ದೆ.

ಈ ಸಲದ ಗಿರಾಕಿ ಊರಿನ ಇನ್ನೊಂದು ತುದಿಯ ತಿಜೋರಿ ಕಾರ್ಖಾನೆಯ ಯಜಮಾನರು. ಎರಡು ಕಿವಿಗೂ ಇಯರ್‌ಫೋನು ಸಿಕ್ಕಿಸಿಕೊಂಡು, ಒಂದೇ ಹೊತ್ತಿಗೆ ಮೂರು ಜನರ ಹತ್ತಿರ ಮಾತಾಡುವವರು. ಅವರ ಹೊಸ ಬಾಗಿಲುಗಳ ಡ್ರಾಯಿಂಗು ಮೂರು ಸಲ ಈ ಷೋರೂಮಿಗೆ ಸೋರಿಹೋಗಿತ್ತು. ಡ್ರಾಯಿಂಗು ಮುಟ್ಟುವವರು ಬರೀ ಮೂವರು. ಒಬ್ಬ, ಯಜಮಾನರ ಭಾವಮೈದ, ಸೇಲ್ಸ್ ನೋಡಿಕೊಳ್ಳುವವನು. ಇನ್ನೊಬ್ಬಳು ಪ್ರಿಂಟ್ ರೂಮಿನ ಹೆಂಗಸು. ಕಾರ್ಖಾನೆಯವರೆಲ್ಲ ಅವಳನ್ನು ಪ್ರಿಂಟಕ್ಕ ಅಂತಾರೆ. ಮೂರನೆಯವರು ಡ್ರಾಯಿಂಗ್ ಸೆಕ್ಷನ್ನಿನ ಹಿರಿಯರು. ಬಂದವರಿಗೆಲ್ಲ ಕೆಲಸ ಕಲಿಸಿದ್ದಕ್ಕೆ ಅವರಿಗೆ ಮೇಷ್ಟ್ರು ಅಂತಲೇ ಹೆಸರು.

ಯಜಮಾನರೂ ನಾನೂ ಕೂತು ಹೊಸ ಬಾಗಿಲಿನ ಡ್ರಾಯಿಂಗನ್ನು ಮೂರು ಪ್ರತಿ ಮಾಡಿದೆವು. ಒಂದೊಂದರಲ್ಲೂ ರಾಡಿನ ಅಳತೆ ಬೇರೆ. ಭಾವಮೈದನಿಗೆ ಇನ್ನೂರ ಎಂಟು. ಪ್ರಿಂಟಕ್ಕನಿಗೆ ಇನ್ನೂರ ಹದಿನಾರು. ಮೇಷ್ಟ್ರಿಗೆ ಇನ್ನೂರ ಇಪ್ಪತ್ತು. ಮೂರೂ ತಪ್ಪು. ಕದ್ದ ಡ್ರಾಯಿಂಗಿನಿಂದ ಮಾಡಿದ ಬಾಗಿಲು ಷೋರೂಮಿಗೆ ಬಂದ ದಿನ, ಅದರ ರಾಡು ಅಳೆದರೆ ಕಳ್ಳ ಸಿಕ್ಕಿದ.

ಮೂರು ವಾರ ಕಳೆಯಿತು. ಬಾಗಿಲು ಬಂತು. ಅಷ್ಟರಲ್ಲಿ ಇವತ್ತು ಮಧ್ಯಾಹ್ನ ಎರಡಕ್ಕೆ ಯಜಮಾನರ ಫೋನು.

"ಸಿಕ್ಕಿಬಿದ್ಲು. ಪ್ರಿಂಟ್ ರೂಮಿನವಳು. ಬ್ಯಾಗಲ್ಲಿ ಡ್ರಾಯಿಂಗ್ ಸುರುಳಿ ಇತ್ತು. ನಮ್ಮ ಭಾವಮೈದನೇ ಹಿಡಿದ. ಐದು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ."

ನಾನು ಓಡಿದೆ. ಅವಳನ್ನು ವಾಚ್‌ಮನ್ ರೂಮಿನ ಸ್ಟೂಲಿನ ಮೇಲೆ ಕೂರಿಸಿದ್ದರು. ಅಳುತ್ತಿರಲಿಲ್ಲ.

"ಅದು ಹಳೇ ವೇಸ್ಟ್ ಪ್ರಿಂಟು ಸಾರ್. ಹಿಂದ್ಗಡೆ ಖಾಲಿ ಇರುತ್ತಲ್ಲ, ನನ್ನ ಮಗಳು ಅದರ ಮೇಲೆ ಲೆಕ್ಕ ಮಾಡ್ತಾಳೆ."

"ಯಜಮಾನರಿಗೆ ಹೇಳಿದ್ಯೇನಮ್ಮ?"

"ಹೇಳ್ದೆ. ಅವರು ಫೋನಲ್ಲಿದ್ರು."

ಆಮೇಲೆ ಅವಳು ಒಂದೇ ಮಾತು ಹೇಳಿದಳು. "ಮಗಳು ಐದೂವರೆಗೆ ಸ್ಕೂಲಿಂದ ಬರ್ತಾಳೆ. ಬೀಗದ ಕೈ ನನ್ನ ಹತ್ರ ಇದೆ. ಮನೇಲಿ ಬೇರೆ ಯಾರೂ ಇಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಬೀಗದ ಕೈ ವಿಷಯ ಕೇಳಿದ ಮೇಲೆ ಅಲ್ಲಿ ನಿಲ್ಲಲಿಲ್ಲ. ರಾಡು ಅಳೆದರೆ ಸತ್ಯ ಗೊತ್ತಾಗುತ್ತದೆ ಅಂತ ನೆಟ್ಟಗೆ ಷೋರೂಮಿಗೆ ಬಂದೆ. ಬಂದು ಹೀಗೆ ಸಿಕ್ಕಿಬಿದ್ದೆ.

ಕತ್ತಲಲ್ಲಿ ತಡವರಿಸಿ ಹ್ಯಾಂಡಲ್ ಹಿಡಿದೆ.

ತಿರುಗುವುದಿಲ್ಲ ಅಂತ ಗೊತ್ತಿದ್ದರೂ ಮನುಷ್ಯ ಒಂದು ಸಲ ತಿರುಗಿಸಿಯೇ ನೋಡುತ್ತಾನೆ.

ಕ್ಲಿಕ್.

ಬಾಗಿಲು ನಾಲ್ಕು ಬೆರಳಷ್ಟು ತೆರೆದುಕೊಂಡಿತು. ಬೆಳಕು ಬಂತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ನನ್ನ ಲೆಕ್ಕದಲ್ಲಿ ಆಗ ಒಂದೈನೂರಾದರೂ ಸೇರಿರಬೇಕು.

ಖುಷಿಯ ಬೆನ್ನಿಗೇ ತಲೆ ಓಡಿತು. ತಪ್ಪು ಅಳತೆಯ ಮೂರು ಪ್ರತಿ ಹೊರಗೆ ಬಿಟ್ಟಿದ್ದೆ. ಬಂದದ್ದು ಸರಿ ಅಳತೆಯ ಬಾಗಿಲು. ಅಂದರೆ ಡ್ರಾಯಿಂಗು ಕದ್ದವರು ಅದನ್ನು ತಿದ್ದಿ ಕೊಟ್ಟಿದ್ದಾರೆ. ಭಾವಮೈದನಿಗೆ ಬೋಲ್ಟಿಗೂ ಬಾಟಲಿಗೂ ವ್ಯತ್ಯಾಸ ಗೊತ್ತಿಲ್ಲ. ಪ್ರಿಂಟಕ್ಕ ಕೊಟ್ಟದ್ದನ್ನು ಪ್ರಿಂಟು ಹಾಕುವವಳು. ಕದಿಯುವ ಮಾಲಿನಲ್ಲೂ ತಪ್ಪು ಕಂಡರೆ ತಿದ್ದದೆ ಇರಲಾರದವರು ಆ ಕಾರ್ಖಾನೆಯಲ್ಲಿ ಒಬ್ಬರೇ.

ಮೇಷ್ಟ್ರು.

ಅವರ ಮೇಲೆ ನನಗೆ ಅನುಮಾನವೇ ಇರಲಿಲ್ಲ. ನನ್ನ ನಾಲ್ಕು 'ಹ'ಗಳಲ್ಲಿ ಒಂದೂ ಅವರಿಗೆ ಅಂಟುತ್ತಿರಲಿಲ್ಲ.

ಹೊರಗೆ ಬಂದೆ. ಗೋಡೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ಒಬ್ಬ ಹೆಂಗಸು, ಅರವತ್ತರ ಆಸುಪಾಸು. ಕನ್ನಡಕಕ್ಕೆ ದಾರ. ಷೋರೂಮಿನ ಒಡತಿ. ಅವರು ಬೈಯಲಿಲ್ಲ, ಕೂಗಲಿಲ್ಲ.

"ಒಳಗಿಂದ ನೀವೇ ತೆಗೆದ್ರಾ?" ಅಂದರು.

"ಹೌದು ಮೇಡಂ."

"ಬಿಗಿ ಇತ್ತಾ? ಸಲೀಸಾಗಿ ಬಂತಾ?"

"ಮೊದಲು ಸ್ವಲ್ಪ ಬಿಗಿ ಇತ್ತು. ಆಮೇಲೆ ಬೆಣ್ಣೆ ಥರ ಬಂತು."

"ಹೂಂ..." ಒಂದು ಕುರ್ಚಿ ಎಳೆದು ಕೂರಿಸಿದರು. "ಭಯ ಆಯ್ತಾ?"

"ಸುಳ್ಳು ಯಾಕೆ ಹೇಳ್ಲಿ ಮೇಡಂ, ಆಯ್ತು. ಅದರ ಮೇಲೆ ನಂಗೆ ಮಂಡಿ ನೋವು ಬೇರೆ."

"ಅಯ್ಯೋ... ಯಾವ ಮಂಡಿ?"

ಎಡ ಮಂಡಿ ಅಂದೆ. ಎಂಟು ವರ್ಷದ ಹಿಂದೆ ಒಬ್ಬನನ್ನು ಬೆನ್ನಟ್ಟುವಾಗ ಚರಂಡಿಗೆ ಬಿದ್ದದ್ದು ಹೇಳಿದೆ. ಅವರು ಗಲ್ಲಕ್ಕೆ ಕೈಕೊಟ್ಟು ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಗಡಿಯಾರ ನೋಡಲಿಲ್ಲ. "ಹೂಂ... ಆಮೇಲೆ?" ಅಂತ ಅಷ್ಟೇ.

"ಆಮೇಲೆ ಡಾಕ್ಟ್ರು ಓಡಾಟದ ಕೆಲಸ ಬಿಡಿ ಅಂದ್ರು. ಆದ್ರೆ ಈ ಕೇಸು ಬಂತು ನೋಡಿ, ನಮ್ಮ ಯಜಮಾನರು..."

ಬಾಯಿ ಮುಚ್ಚಿದೆ.

ಇಪ್ಪತ್ತೆರಡು ವರ್ಷದ ಅನುಭವಿ... ಹೊಡೆತವಿಲ್ಲ, ಬೆದರಿಕೆಯಿಲ್ಲ, ಮೂರೇ ನಿಮಿಷಕ್ಕೆ ಗಿರಾಕಿಯ ಹೆಸರು ನಾಲಿಗೆ ತುದಿಗೆ ಬಂದಿತ್ತು.

ಒಡತಿ ನಕ್ಕರು. "ಹೇಳಿ, ಪರವಾಗಿಲ್ಲ" ಅಂದರು.

ಎದ್ದು ಓಟ ಕಿತ್ತೆ.

ಮೆಟ್ಟಿಲು. ಪ್ಯಾಕಿಂಗ್ ಅಂಗಳ. ಮರದ ಪೆಟ್ಟಿಗೆಗಳ ಸಾಲು. ಹಿಂದೆ ಗೋಡೆ. ನೆಲ ಅದುರುತ್ತಿತ್ತು. ಒಂದು ಲಾರಿಯ ಸುತ್ತ ಎರಡು ಸುತ್ತು ಬಂದೆವು. ಮೂರನೇ ಸುತ್ತಿಗೆ ಇಬ್ಬರೂ ನಿಂತೆವು. ಲಾರಿಯ ಆ ಕಡೆ ಅವನು, ಈ ಕಡೆ ನಾನು.

"ಸಾರ್... ಓಡಿಸ್ಬೇಡಿ ಸಾರ್... ನಂಗೆ ಬಿಪಿ ಇದೆ."

"ಹಾಗಾದ್ರೆ ಬಿಟ್ಬಿಡಪ್ಪ."

"ಬಿಟ್ರೆ ಕೆಲಸ ಹೋಗುತ್ತೆ."

ಉಸಿರು ಸಿಕ್ಕಿದ ಕೂಡಲೇ ಹಾರಿ ನನ್ನ ಕಾಲರ್ ಹಿಡಿದ. ಗೇಟಿನಲ್ಲಿ ಒಂದು ಗೂಡ್ಸ್ ಆಟೋ ನಿಧಾನವಾಗಿ ಹೊರಗೆ ಹೋಗುತ್ತಿತ್ತು. ನಾನು ಅದರ ಹಿಂದಿನ ಹಲಗೆ ಹಿಡಿದು ಹತ್ತಿದೆ. ಕಾಲರ್ ಅವನ ಕೈಯಲ್ಲೇ ಉಳಿಯಿತು, ಫೋನು ಅವನ ಜೇಬಿನಲ್ಲೇ.

"ನಾಳೆ ನಿಮ್ಮನೆ ಹುಡ್ಕೊಂಡ್ ಬರ್ತೀನಿ!" ಅಂತ ಕೂಗಿದ.

"ಬಾ. ನನ್ನ ಹೆಂಡತಿ ಇರ್ತಾಳೆ" ಅಂದೆ.

ಕಾರ್ಖಾನೆ ಮುಟ್ಟಿದಾಗ ನಾಲ್ಕೂ ನಲವತ್ತು. ಗೇಟಿನ ಒಳಗೆ ಪೊಲೀಸ್ ಜೀಪು ಆಗಲೇ ನಿಂತಿತ್ತು. ಇನ್ಸ್‌ಪೆಕ್ಟರು ಟೈಮಿಗೆ ಮೊದಲೇ ಬಂದಿದ್ದರು, ಆ ಅಪರೂಪವೂ ಇವತ್ತೇ ಆಗಬೇಕಾಗಿತ್ತು.

ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಮೇಷ್ಟ್ರು ಕೆಂಪು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಟೇಬಲ್ಲಿನ ಮೇಲೆ ಅರ್ಧ ಮುಗಿದ ಡ್ರಾಯಿಂಗು.

"ಮೇಷ್ಟ್ರೇ, ಒಳಗಿನ ಹ್ಯಾಂಡಲ್ ರಾಡು ಎಷ್ಟು?"

"ಇನ್ನೂರ ಹನ್ನೆರಡು." ತಲೆ ಎತ್ತಲಿಲ್ಲ.

"ನಿಮಗೆ ಕೊಟ್ಟ ಪ್ರತಿಯಲ್ಲಿ?"

"ಇನ್ನೂರ ಇಪ್ಪತ್ತು ಅಂತಿತ್ತು. ಯಾವನೋ ಕತ್ತೆ ಬದಲಾಯಿಸಿದ್ದ."

"ಆ ಕತ್ತೆ ನಾನೇ."

ಪೆನ್ಸಿಲ್ ನಿಂತಿತು.

"ಷೋರೂಮಿನ ಅಮ್ಮನವರಿಗೆ ಕೊಡುವಾಗ ತಿದ್ದಿ ಕೊಟ್ರಿ. ಅಲ್ವಾ?"

ಅವರು ಪೆನ್ಸಿಲ್ಲಿನ ಪುಡಿಯನ್ನು ಅಂಗೈಗೆ ಒರೆಸಿಕೊಂಡು ಕಸದ ಬುಟ್ಟಿಗೆ ಹಾಕಿದರು.

"ತಪ್ಪು ಡ್ರಾಯಿಂಗ್ ಹೇಗೆ ಕೊಡೋದು ಸಾರ್? ಕದ್ದು ಕೊಟ್ರೂ ಸರಿಯಾದ್ದೇ ಕೊಡ್ಬೇಕಲ್ಲ. ಒಳಗೆ ಯಾರಾದ್ರೂ ಸಿಕ್ಕಿಕೊಂಡ್ರೆ ಪ್ರಾಣ ಹೋಗುತ್ತೆ."

"ಸಿಕ್ಕಿಕೊಂಡಿದ್ರು."

"ಯಾರು?"

"ನಾನು. ಮುಕ್ಕಾಲು ಗಂಟೆ ಹಿಂದೆ."

ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹರಿದ ಅಂಗಿ ನೋಡಿದರು. ಕೊನೆಗೆ ಕೇಳಿದ್ದು ಇಷ್ಟೇ.

"ಬಿಗಿ ಇತ್ತಾ?"

"ಮೊದಲು ಸ್ವಲ್ಪ."

"ಗ್ರೀಸ್ ಹಾಕಿಲ್ಲ ಅವರು. ಹೇಳಿದ್ದೆ."

ನಗಬೇಕೋ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಈ ಮನುಷ್ಯ ಕಳ್ಳ. ಈ ಮನುಷ್ಯ ತಿದ್ದದೆ ಇದ್ದಿದ್ದರೆ ನಾನು ಈಗ ಹೆಣ. ನಾನು ಹಿಡಿದುಕೊಡಬೇಕಾದದ್ದೂ ಇವರನ್ನೇ.

"ಎಷ್ಟು ಕೊಟ್ರು ಮೇಷ್ಟ್ರೇ?"

"ಕಾಫಿ. ಒಂದ್ಸಲ ಬಿಸ್ಕತ್ತೂ ಇತ್ತು."

"ಮತ್ತೆ ಯಾಕೆ?"

ಅವರು ಟೇಬಲ್ಲಿನ ಅಂಚು ಒರೆಸಿದರು.

"ಮೂವತ್ತೊಂದು ವರ್ಷ ಆಯ್ತು ಸಾರ್ ಇಲ್ಲಿ. ತಪ್ಪು ಕಂಡಾಗೆಲ್ಲ ಕೆಂಪು ಪೆನ್ಸಿಲಲ್ಲಿ ಚೀಟಿ ಬರ್ದು ಯಜಮಾನರ ಟ್ರೇಗೆ ಹಾಕ್ತೀನಿ. ಅದು ನಮ್ಮ ಪದ್ಧತಿ. ಇವರಪ್ಪ ದೊಡ್ಡ ಯಜಮಾನರಿದ್ದಾಗ ಸಂಜೆ ಕರೆದು ಕೇಳೋರು. ಈಗ ಆರು ವರ್ಷದಿಂದ ಒಂದು ಚೀಟೀನೂ ವಾಪಸ್ ಬಂದಿಲ್ಲ. ಆ ಇನ್ನೂರ ಇಪ್ಪತ್ತಕ್ಕೂ ಬರ್ದು ಹಾಕಿದ್ದೆ."

"ಆಮೇಲೆ?"

"ಗುರುವಾರ ಸಂಜೆ ಪಾರ್ಕಲ್ಲಿ ಕೂರ್ತೀನಿ. ಹಳೇ ನೀರಿನ ಟ್ಯಾಂಕಿನ ಹತ್ರ ಬೆಂಚು. ಆಯಮ್ಮ ವಾಕಿಂಗ್ ಬರ್ತಿದ್ರು. ಯಾರು ಅಂತ ಗೊತ್ತಿರ್ಲಿಲ್ಲ, ಆಮೇಲೆ ಗೊತ್ತಾಯ್ತು. ಒಂದಿನ ಕೇಳಿದ್ರು, ನಿಮ್ಮ ಬಾಗಿಲಿಗೆ ಹಿಂಜು ಯಾಕೆ ಎಡಗಡೆ ಇಟ್ಟಿದ್ದೀರಿ ಅಂತ." ಪೆನ್ಸಿಲ್ಲಿನ ತುದಿಯಿಂದ ಡ್ರಾಯಿಂಗಿನಲ್ಲಿ ಬಾಗಿಲು ತಿರುಗುವ ಆ ಕೀಲು ತೋರಿಸಿದರು. "ಅದನ್ನ ಯಾಕೆ ಎಡಗಡೆ ಇಟ್ಟೆ ಅಂತ ಹೇಳೋಕೆ ನಾನು ಆರು ವರ್ಷದಿಂದ ಕಾಯ್ತಿದ್ದೆ ಸಾರ್."

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಹಳೆಯ ಮಾತು. ಆ ಗಿಡವನ್ನು ಪಕ್ಕದ ಮನೆಯವರು ಬಂದು ಕಿತ್ತುಕೊಂಡು ಹೋಗುತ್ತಾರೆ ಅಂತ ಹೇಳಿದವರಿಲ್ಲ. ನನ್ನ ಪಟ್ಟಿಗೆ ಐದನೆಯ 'ಹ' ಸೇರಿತು. ಹೂಂ. ಎದುರಿಗೆ ಕೂತು ಹೂಂಗುಡುವ ಒಬ್ಬರು. ನನ್ನ ಹೆಂಡತಿಗೆ ಇದು ಎಂದೋ ಗೊತ್ತಿತ್ತು. "ನೀವು ಹೂಂ ಅಂದಿದ್ರೆ ನಮ್ಮನೆ ವಿಷಯ ನಾನ್ಯಾಕೆ ಪಕ್ಕದ ಮನೆಗೆ ಹೇಳ್ತಿದ್ದೆ" ಅಂತ ಒಂದು ಸಲ ಅಂದಿದ್ದಳು. ಆವತ್ತೂ ನಾನು ಪೇಪರ್ ಓದುತ್ತಿದ್ದೆ.

"ಮೇಷ್ಟ್ರೇ, ನಿಮ್ಮ ಬದಲು ಪ್ರಿಂಟಕ್ಕನ್ನ ಹಿಡಿದಿದ್ದಾರೆ. ಪೊಲೀಸರು ಬಂದಿದ್ದಾರೆ."

"ಅವಳಿಗೆ ಜ್ವರ, ರಜ ಹಾಕಿದ್ದಾಳೆ ಅಂದ್ರಲ್ಲ!"

"ವಾಚ್‌ಮನ್ ರೂಮಲ್ಲಿ ಕೂಡಿಹಾಕಿದ್ರು."

ಮೇಷ್ಟ್ರು ಎದ್ದರು. ಪೆನ್ಸಿಲ್ ಜೇಬಿಗಿಟ್ಟುಕೊಂಡರು.

"ನಡೀರಿ ಸಾರ್. ನಾನು ಮಾಡಿದ್ದಕ್ಕೆ ಅವಳು ಯಾಕೆ ಅನುಭವಿಸ್ಬೇಕು."

ಯಜಮಾನರ ರೂಮಿನಲ್ಲಿ ಇನ್ಸ್‌ಪೆಕ್ಟರು ಟೀ ಕುಡಿಯುತ್ತಿದ್ದರು. ಭಾವಮೈದ ಸುರುಳಿ ಹಿಡಿದುಕೊಂಡು ಬೀಗುತ್ತಿದ್ದ. ಪ್ರಿಂಟಕ್ಕ ರೂಮಿನ ಮೂಲೆಗೆ ಒತ್ತಿ ನಿಂತಿದ್ದಳು. ಅವಳ ಕಣ್ಣು ಗಡಿಯಾರದ ಮೇಲಿತ್ತು. ಯಜಮಾನರು ಯಾರಿಗೋ ಉಕ್ಕಿನ ರೇಟು ಹೇಳುತ್ತಿದ್ದರು, ಗಾಳಿಯ ಜೊತೆ ಮಾತಾಡುವವರ ಹಾಗೆ.

"ಸಾರ್, ಡ್ರಾಯಿಂಗ್ ಕೊಟ್ಟಿದ್ದು ನಾನು" ಅಂದರು ಮೇಷ್ಟ್ರು.

"ಹಾಂ ಹಾಂ, ಟ್ರೇಗೆ ಹಾಕಿ ಮೇಷ್ಟ್ರೇ" ಅಂದರು ಯಜಮಾನರು.

"ಅಲ್ಲ ಸಾರ್. ಹೊರಗಡೆ ಕೊಟ್ಟಿದ್ದು. ಷೋರೂಮಿಗೆ."

"ಆಯ್ತು, ಆಮೇಲೆ ನೋಡೋಣ. ಹಲೋ... ಇಲ್ಲ ಇಲ್ಲ, ನಿಮಗಲ್ಲ."

ಇನ್ಸ್‌ಪೆಕ್ಟರು ಕಪ್ಪು ಕೆಳಗಿಟ್ಟರು. "ಅವರೇನೋ ಹೇಳ್ತಿದ್ದಾರೆ ನೋಡಿ."

"ಅವರು ಯಾವಾಗ್ಲೂ ಏನಾದ್ರೂ ಹೇಳ್ತಿರ್ತಾರೆ" ಅಂದರು ಯಜಮಾನರು.

ನಾನು ಹೋಗಿ ಯಜಮಾನರ ಎರಡೂ ಕಿವಿಯಿಂದ ಇಯರ್‌ಫೋನು ಕಿತ್ತು ಟೀ ಕಪ್ಪಿಗೆ ಹಾಕಿದೆ.

"ಈಗ ಹೇಳಿ ಮೇಷ್ಟ್ರೇ."

ಮೇಷ್ಟ್ರು ಹೇಳಿದರು. ಪಾರ್ಕು, ಬೆಂಚು, ಗುರುವಾರ, ಕಾಫಿ, ಹಿಂಜು, ಎಲ್ಲ. ಕೇಳಿದ ಮೇಲೆ ಯಜಮಾನರು ನಕ್ಕರು.

"ಇವರಾ? ಸುಮ್ನೆ ಯಾರನ್ನೋ ಉಳಿಸೋಕೆ ಹೇಳ್ತಿದ್ದಾರೆ. ಇವರಿಗೆ ಅಷ್ಟೆಲ್ಲ ಎಲ್ಲಿ ತಿಳಿಯುತ್ತೆ?"

ನಾನು ಟ್ರೇ ಎತ್ತಿ ಟೇಬಲ್ಲಿನ ಮೇಲೆ ಬೋರಲು ಹಾಕಿದೆ. ಚೀಟಿಗಳು ಚೆಲ್ಲಿದವು. ಎಲ್ಲವೂ ಕೆಂಪು ಅಕ್ಷರ. ಮೇಲಿನದನ್ನು ಇನ್ಸ್‌ಪೆಕ್ಟರು ಗಟ್ಟಿಯಾಗಿ ಓದಿದರು.

"ರಾಡು ಇನ್ನೂರ ಇಪ್ಪತ್ತು ತಪ್ಪು. ಇನ್ನೂರ ಹನ್ನೆರಡು ಆಗಬೇಕು. ಒಳಗೆ ಸಿಕ್ಕಿಕೊಂಡವರ ಪ್ರಾಣ ಹೋಗುತ್ತದೆ. ದಯವಿಟ್ಟು ಗಮನಿಸಿ." ತಾರೀಖು ನೋಡಿದರು. "ಮೂರು ವಾರ ಆಗಿದೆಯಲ್ಲ ಸ್ವಾಮಿ ಇದು?"

ಯಜಮಾನರು ಮಾತಾಡಲಿಲ್ಲ. ಅವರು ಮಾತಾಡದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸರಿ, ಯಾರನ್ನ ಕರ್ಕೊಂಡ್ ಹೋಗ್ಲಿ ಹೇಳಿ" ಅಂದರು ಇನ್ಸ್‌ಪೆಕ್ಟರು. "ಈ ಹಿರಿಯರನ್ನಾ?"

ಮೇಷ್ಟ್ರು ಎರಡು ಕೈಯನ್ನೂ ಮುಂದಕ್ಕೆ ಚಾಚಿದರು. ಬೇಡಿ ಹಾಕಿಸಿಕೊಳ್ಳುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಂಗೈ ಮೇಲಾಗಿತ್ತು.

ಯಜಮಾನರು ಭಾವಮೈದನ ಮುಖ ನೋಡಿದರು. ಭಾವಮೈದ ಮೆಲ್ಲಗೆ ಅಂದ. "ಭಾವ, ಬ್ಯಾಂಕಿನ ಹನ್ನೆರಡು ಬಾಗಿಲು ಈ ತಿಂಗಳು ಕೊಡ್ಬೇಕು. ಡ್ರಾಯಿಂಗು ಇವರ ಟೇಬಲ್ ಮೇಲಿದೆ. ಅರ್ಧ."

"ಬೇರೆ ಯಾರಿಗೂ ಬರಲ್ವಾ?"

"ಬರಲ್ಲ ಭಾವ."

ಯಜಮಾನರು ಇನ್ಸ್‌ಪೆಕ್ಟರ ಕಡೆ ತಿರುಗಿದರು. "ಯಾರೂ ಬೇಡ ಇನ್ಸ್‌ಪೆಕ್ಟ್ರೇ. ನಮ್ಮ ಮನೆ ವಿಷಯ, ನಾವೇ ನೋಡ್ಕೋತೀವಿ. ಮೇಷ್ಟ್ರೇ, ನೀವು ಹೋಗಿ ಡ್ರಾಯಿಂಗ್ ಮುಗಿಸಿ. ಆಮೇಲೆ ಮಾತಾಡೋಣ."

ಮೇಷ್ಟ್ರು ಚಾಚಿದ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಒಂದು ಕ್ಷಣ ನಿಂತರು. ಆಮೇಲೆ ಅವೇ ಕೈಯಲ್ಲಿ ಚೆಲ್ಲಿದ ಚೀಟಿಗಳನ್ನು ಒಂದೊಂದಾಗಿ ಆರಿಸಿ ಜೇಬಿಗೆ ಹಾಕಿಕೊಂಡು ಹೋದರು. ನನಗೆ ಅವರ ಬೆನ್ನು ನೋಡಲಾಗಲಿಲ್ಲ.

ಪ್ರಿಂಟಕ್ಕ ಇನ್ನೂ ನಿಂತಿದ್ದಳು. ಒಂದು ಮಾತಿಗೆ ಕಾಯುತ್ತಿದ್ದಳು. ತಪ್ಪಾಯ್ತಮ್ಮ ಅನ್ನುವಷ್ಟು ಸಣ್ಣ ಮಾತು.

"ಸರಿಯಮ್ಮ, ನೀನೂ ಹೋಗು. ನಾಳೆ ಬೇಗ ಬಾ, ಪ್ರಿಂಟು ಬೇಕಾದಷ್ಟಿದೆ" ಅಂದರು ಯಜಮಾನರು. ಅಷ್ಟು ಹೇಳಿ ಕಪ್ಪಿನಲ್ಲಿ ಬೆರಳಾಡಿಸಿ ಇಯರ್‌ಫೋನು ಹುಡುಕತೊಡಗಿದರು.

ಐದೂ ಹತ್ತಕ್ಕೆ ನಾವಿಬ್ಬರೂ ಗೇಟು ದಾಟಿದೆವು. ಅವಳು ಸರಸರ ನಡೆಯುತ್ತಿದ್ದಳು. ನನ್ನ ಮಂಡಿ ಅವಳ ಜೊತೆ ಏಗಲಿಲ್ಲ. ತಿರುವಿನಲ್ಲಿ ತಾನೇ ನಿಂತಳು.

"ಮಗಳು ಬರೋ ಹೊತ್ತಿಗೆ ಮನೆ ಸೇರ್ತೀಯಾ?" ಅಂದೆ.

"ಸೇರ್ತೀನಿ ಸಾರ್. ಉಪಕಾರ ಆಯ್ತು." ಬ್ಯಾಗನ್ನು ಹೆಗಲಿಗೆ ಸರಿಮಾಡಿಕೊಂಡಳು. "ಒಂದು ಕೇಳ್ಲಾ?"

"ಕೇಳಮ್ಮ."

"ಆ ಪಾರ್ಕಲ್ಲಿ ನೀರಿನ ಟ್ಯಾಂಕು ಎರಡಿದೆ. ಮೇಷ್ಟ್ರು ಹೇಳಿದ ಬೆಂಚು ಯಾವುದರ ಹತ್ರ?"

ಅವಳ ಮುಖ ನೋಡಿದೆ. ಆ ಕಾರ್ಖಾನೆಯ ಪ್ರತಿಯೊಂದು ಡ್ರಾಯಿಂಗೂ ಅವಳ ಕೈದಾಟಿಯೇ ಹೋಗಬೇಕು. ಸೋರಿಕೆ ನಿಲ್ಲಿಸು ಅಂತ ಯಜಮಾನರು ನನಗೆ ಪೂರ್ತಿ ಫೀಸು ಕೊಟ್ಟಿದ್ದರು.

ಯಾವ ಟ್ಯಾಂಕು ಅಂತ ಹೇಳಿದೆ. ಅದಕ್ಕೆ ಮಾತ್ರ ಫೀಸು ತೆಗೆದುಕೊಳ್ಳಲಿಲ್ಲ.